ಎಂ.ಟೆಕ್ ಮುಗಿಸಿ ಬಂದವಳು ಯಾವ ಸಾಲಿನಲ್ಲಿ ನಿಲ್ಲಬೇಕು? ಬೆಂಗಳೂರಿನ ಒಂದು ಪ್ರಕರಣ

ಇದು ಒಬ್ಬ ಹುಡುಗಿ ಕೆಲಸ ಹುಡುಕಿದ ಕಥೆ. ಅವಳನ್ನು ಸವಿತಾ ಅಂತ ಕರೆಯುತ್ತೇನೆ, ಅದು ನಿಜವಾದ ಹೆಸರಲ್ಲ. ಕಂಪನಿ, ಕಾಲೇಜು, ಊರು ಯಾವುದರ ಹೆಸರನ್ನೂ ಹೇಳಿಲ್ಲ. ಸಂಬಳದ ಅಂಕಿಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ, ಆದರೆ ಲೆಕ್ಕಾಚಾರ ಕೆಡದ ಹಾಗೆ. ಪೂರ್ತಿ ಬರಹವನ್ನು ಅವಳೇ ಓದಿ ಒಪ್ಪಿದ ಮೇಲೆ ಇಲ್ಲಿ ಹಾಕುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ಪ್ರಾಡಕ್ಟ್ ಕಂಪನಿಯಲ್ಲಿ ಎಂಜಿನಿಯರಿಂಗ್ ಮ್ಯಾನೇಜರ್. ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವುದು ನನ್ನ ದಿನಚರಿಯ ದೊಡ್ಡ ಭಾಗ. ಬಿಡುವಿದ್ದಾಗ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನವರಿಗೆ ಅಣಕು ಸಂದರ್ಶನ ಮಾಡಿಸುತ್ತೇನೆ. "ಎಂ.ಟೆಕ್ ಮಾಡಿದ್ರೆ ಸಾಫ್ಟ್‌ವೇರ್‌ನಲ್ಲಿ ಉಪಯೋಗ ಇದೆಯಾ ಅಕ್ಕಾ?" ಅಂತ ಆ ಗುಂಪಿನಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ಇದೆ ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು ಹೇಳುತ್ತಾರೆ. ಸವಿತಾಳ ವಿಷಯದಲ್ಲಿ ಎರಡೂ ಉತ್ತರ ನಿಜವಾದವು, ಬೇರೆ ಬೇರೆ ತಿಂಗಳುಗಳಲ್ಲಿ.

ಹಿನ್ನೆಲೆ

ಸವಿತಾ ಮಧ್ಯ ಕರ್ನಾಟಕದವಳು. ಅಪ್ಪ ಸರ್ಕಾರಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ವಿಟಿಯುಗೆ ಸೇರಿದ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಬಿಇ ಮಾಡಿ 2018ರಲ್ಲಿ ಮುಗಿಸಿದಳು. ಕ್ಯಾಂಪಸ್‌ಗೆ ಬಂದ ಒಂದು ದೊಡ್ಡ ಸರ್ವಿಸ್ ಕಂಪನಿ, ಅಂದರೆ ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವಂಥದ್ದು, ಅವಳ ತರಗತಿಯ ಅರ್ಧದಷ್ಟು ಜನರನ್ನು ಒಟ್ಟಿಗೇ ತೆಗೆದುಕೊಂಡಿತು. ವರ್ಷಕ್ಕೆ ಮೂರೂವರೆ ಲಕ್ಷ.

ತರಬೇತಿಯಲ್ಲಿ ಜಾವಾ ಕಲಿಸಿದರು. ತರಬೇತಿ ಮುಗಿದ ಮೇಲೆ ಯಾರು ಏನು ಕಲಿತರು ಅಂತ ಯಾರೂ ಕೇಳಲಿಲ್ಲ. ಎಲ್ಲಿ ಜನ ಬೇಕೋ ಅಲ್ಲಿಗೆ ಹಾಕಿದರು. ಅವಳಿಗೆ ಸಿಕ್ಕಿದ್ದು ಅಮೆರಿಕದ ಒಂದು ಇನ್ಶೂರೆನ್ಸ್ ಕಂಪನಿಯ ಪ್ರೊಡಕ್ಷನ್ ಸಪೋರ್ಟ್. ರಾತ್ರಿ ಪಾಳಿ. ಟಿಕೆಟ್ ಬಂದರೆ ಲಾಗ್ ನೋಡು, ಒರಾಕಲ್ ಡೇಟಾಬೇಸ್‌ನಲ್ಲಿ ಯಾವ ಕ್ವೆರಿ ನಿಂತಿದೆ ಅಂತ ಹುಡುಕು, ಸರಿ ಮಾಡು, ಆಗದಿದ್ದರೆ ಮೇಲಿನವರನ್ನು ಎಬ್ಬಿಸು. ಬೆಳಿಗ್ಗೆ ಕಂಪನಿ ಕ್ಯಾಬ್‌ನಲ್ಲಿ ಸಿಲ್ಕ್ ಬೋರ್ಡ್ ದಾಟಿ ಬಿಟಿಎಂನ ಪಿಜಿಗೆ ವಾಪಸ್.

ಈ ಕೆಲಸ ಕೀಳು ಅಂತ ನಾನು ಹೇಳುವುದಿಲ್ಲ. ಮಧ್ಯರಾತ್ರಿ ನಿಂತುಹೋದ ಸಿಸ್ಟಮ್ ಅನ್ನು ಎಬ್ಬಿಸಲು ಬರುವವರು ನನ್ನ ತಂಡದಲ್ಲೂ ಕಡಿಮೆಯೇ. ಆದರೆ ಮಾರುಕಟ್ಟೆ ಹಾಗೆ ನೋಡುವುದಿಲ್ಲ. ನೌಕ್ರಿಯಂಥ ತಾಣದಲ್ಲಿ ರಿಕ್ರೂಟರ್‌ಗಳು ಹುಡುಕುವುದು ಎರಡೇ ವಿಷಯ: ತಂತ್ರಜ್ಞಾನದ ಹೆಸರು, ಅದರಲ್ಲಿ ಎಷ್ಟು ವರ್ಷ. "ಜಾವಾ, 2ರಿಂದ 4 ವರ್ಷ" ಅಂತ ಹುಡುಕಿದರೆ ಸವಿತಾ ಬರುವುದಿಲ್ಲ. ಬಂದರೂ ಮೊದಲ ಫೋನಿನಲ್ಲೇ "ರೆಲೆವೆಂಟ್ ಎಕ್ಸ್‌ಪೀರಿಯನ್ಸ್ ಎಷ್ಟು ಮೇಡಂ?" ಅಂತ ಕೇಳುತ್ತಾರೆ. ಸಪೋರ್ಟ್‌ನಲ್ಲಿ ವರ್ಷ ಕಳೆದಷ್ಟೂ ಡೆವಲಪ್‌ಮೆಂಟ್ ದೂರವಾಗುತ್ತದೆ. ಎರಡು ವರ್ಷದ ಹೊತ್ತಿಗೆ ಇದು ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು. ಕಂಪನಿಯೊಳಗೇ ಪ್ರಾಜೆಕ್ಟ್ ಬದಲಿಸಲು ಕೇಳಿದಳು. "ಕ್ಲೈಂಟ್ ಬಿಡಲ್ಲ" ಅನ್ನುವ ಉತ್ತರ ಬಂತು.

ಎಂ.ಟೆಕ್ ಯಾಕೆ

ಮನೆಯಲ್ಲಿ ಒಂದು ಉದಾಹರಣೆ ಇತ್ತು. ದೊಡ್ಡಮ್ಮನ ಮಗ ಅಮೆರಿಕಕ್ಕೆ ಎಂಎಸ್ ಮಾಡಲು ಹೋಗಿ ಅಲ್ಲೇ ಕೆಲಸಕ್ಕೆ ಸೇರಿದ್ದ. "ಮುಂದಕ್ಕೆ ಓದಿದವನಿಗೆ ಎಷ್ಟು ಸಂಬಳ ನೋಡು" ಅನ್ನುವುದು ಮನೆಯ ಮಾತು. ಈ ಉದಾಹರಣೆ ಬೆಂಗಳೂರಿನ ಬಹಳ ಮನೆಗಳಲ್ಲಿದೆ, ಮತ್ತು ಬಹಳ ಜನರ ಲೆಕ್ಕ ತಪ್ಪಿಸುತ್ತದೆ. ಅಲ್ಲಿ ಆ ಡಿಗ್ರಿ ಮಾಡುವ ಕೆಲಸವೇ ಬೇರೆ. ಅಮೆರಿಕದಲ್ಲಿ ಓದಿದವರಿಗೆ ಓದು ಮುಗಿದ ಮೇಲೆ 12 ತಿಂಗಳು ಕೆಲಸ ಮಾಡಲು ಅನುಮತಿ ಸಿಗುತ್ತದೆ, ವಿಜ್ಞಾನ ಮತ್ತು ತಂತ್ರಜ್ಞಾನ ಓದಿದವರಿಗೆ ಇನ್ನೂ 24 ತಿಂಗಳು. ಆಮೇಲೂ ಅಲ್ಲಿ ಕೆಲಸ ಮಾಡಲು ಬೇಕಾಗುವ ಎಚ್-1ಬಿ ವೀಸಾದ ವರ್ಷದ ಮಿತಿ 65,000. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಅಥವಾ ಅದಕ್ಕಿಂತ ಹೆಚ್ಚು ಓದಿದವರಿಗೆ ಅದರ ಮೇಲೆ ಇನ್ನೂ 20,000 ಇದೆ. ಅಂದರೆ ಅಣ್ಣನ ಎಂಎಸ್ ಮೊದಲು ಅವನಿಗೆ ಆ ದೇಶದಲ್ಲಿ ಉಳಿಯುವ ಅವಕಾಶ ಕೊಟ್ಟಿತು, ಕೆಲಸ ಆಮೇಲೆ ಬಂತು. ನಮ್ಮಲ್ಲಿ ಮಾಡಿದ ಎಂ.ಟೆಕ್‌ಗೆ ಆ 20,000ದಲ್ಲಿ ಜಾಗವಿಲ್ಲ. ಮಾರತಹಳ್ಳಿಯಲ್ಲಿ ಕೆಲಸ ಹುಡುಕುವವರಿಗಂತೂ ಆ ಲೆಕ್ಕವೇ ಬೇಡ.

ಆದರೂ ಸವಿತಾಳ ನಿರ್ಧಾರಕ್ಕೆ ಇನ್ನೊಂದು ಕಾರಣವಿತ್ತು, ಮತ್ತು ಅದು ಗಟ್ಟಿಯಾದದ್ದು. ಅವಳಿಗೆ ಬೇಕಿದ್ದದ್ದು ಇನ್ನೊಂದು ಕ್ಯಾಂಪಸ್. ಬಿಇ ಮಾಡಿದ ಕಾಲೇಜಿಗೆ ಬರದ ಕಂಪನಿಗಳು ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಸಂಸ್ಥೆಗಳಾದ ಎನ್‌ಐಟಿಗಳಿಗೆ ಬರುತ್ತವೆ. ಅಲ್ಲಿ "ಜಾವಾದಲ್ಲಿ ಎಷ್ಟು ವರ್ಷ" ಅಂತ ಯಾರೂ ಕೇಳುವುದಿಲ್ಲ. ಒಂದು ಪರೀಕ್ಷೆ, ಮೂರ್ನಾಲ್ಕು ಸುತ್ತು ಸಂದರ್ಶನ, ಮುಗಿಯಿತು. ಹಳೆಯ ಸಪೋರ್ಟ್ ಹಣೆಪಟ್ಟಿ ಕಳಚಿ, ಹೊಸಬರ ಸಾಲಿನಲ್ಲಿ ಮತ್ತೊಮ್ಮೆ ನಿಲ್ಲಬಹುದು. ಅವಳು ಇದನ್ನು ಇಷ್ಟು ಸ್ಪಷ್ಟವಾಗಿ ಯೋಚಿಸಿದ್ದಳು ಅನ್ನುವುದು ನನಗೆ ಇಷ್ಟವಾದ ಸಂಗತಿ. ಜಾಸ್ತಿ ಜನ "ನಾಲೆಡ್ಜ್ ಬರುತ್ತೆ" ಅಂತ ಸುಮ್ನೆ ಹೇಳುತ್ತಾರೆ.

2021ರ ಫೆಬ್ರವರಿಯಲ್ಲಿ ಎಂ.ಟೆಕ್ ಪ್ರವೇಶಕ್ಕೆ ಬೇಕಾದ ಗೇಟ್ ಪರೀಕ್ಷೆ ಬರೆದಳು. ಓದಿದ್ದು ಎಲೆಕ್ಟ್ರಾನಿಕ್ಸ್ ಆದರೂ ಕಂಪ್ಯೂಟರ್ ಸೈನ್ಸ್ ಪೇಪರ್ ಬರೆಯಬಹುದು. ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ಕಂಪೈಲರ್, ಅಲ್ಗಾರಿದಮ್, ಎಲ್ಲವನ್ನೂ ರಾತ್ರಿ ಪಾಳಿಯ ನಡುವೆ ಓದಿದಳು. ದಕ್ಷಿಣದ ಒಂದು ಎನ್‌ಐಟಿಯಲ್ಲಿ ಸೀಟು ಸಿಕ್ಕಿತು. ಆಗ ಅವಳ ಸಂಬಳ ವರ್ಷಕ್ಕೆ ಐದು ಲಕ್ಷ ಮುಟ್ಟಿತ್ತು. ರಾಜೀನಾಮೆ ಕೊಟ್ಟಳು. ಗೇಟ್ ಬರೆದು ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಬರುತ್ತದೆ. 24 ತಿಂಗಳಿಗೆ 2,97,600. ಬಿಟ್ಟುಬಂದ ಸಂಬಳ ಹತ್ತು ಲಕ್ಷ. ಫೀಸು, ಹಾಸ್ಟೆಲ್ ಕಳೆದರೆ ಸ್ಟೈಪೆಂಡಿನಲ್ಲಿ ಕೈಗೆ ಉಳಿದದ್ದು ಅಷ್ಟರಲ್ಲೇ ಇತ್ತು.

ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಬಾಬತ್ತಿತ್ತು. 2021ರ ಕೊನೆಯಿಂದ 2022ರ ಮಧ್ಯದವರೆಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸಿಗುತ್ತಿರಲಿಲ್ಲ. ಕೈಯಲ್ಲಿ ಎರಡು ಆಫರ್ ಇಟ್ಟುಕೊಂಡು ಮೂರನೆಯದಕ್ಕೆ ಹೋಗುವವರನ್ನು ನಾನೇ ನೋಡಿದ್ದೇನೆ. ಸವಿತಾಳ ರೂಮ್‌ಮೇಟ್ ರೂಪಾ, ಅದೇ ಕಂಪನಿ, ಅದೇ ಸಪೋರ್ಟ್, ಆ ಅಲೆಯಲ್ಲಿ ಹಾರಿದಳು. ಆರು ತಿಂಗಳು ಸಂಜೆ ಹೊತ್ತು ಜಾವಾ ಡೆವಲಪರ್‌ಗಳು ಬಳಸುವ ಸ್ಪ್ರಿಂಗ್ ಬೂಟ್ ಕಲಿತು, ಎರಡು ಸಣ್ಣ ಪ್ರಾಜೆಕ್ಟ್ ಮಾಡಿ ತೋರಿಸಿ, ಹೊರವರ್ತುಲ ರಸ್ತೆಯ ಒಂದು ಫಿನ್‌ಟೆಕ್ ಕಂಪನಿಗೆ ಸೇರಿದಳು. ಸಂಬಳ ಎರಡು ಪಟ್ಟಿಗಿಂತ ಹೆಚ್ಚಾಯಿತು. ಬೇರೆ ಸಮಯದಲ್ಲಾದರೆ ಅವಳ ರೆಸ್ಯೂಮೆಯನ್ನು ಅವರು ತೆರೆಯುತ್ತಿರಲಿಲ್ಲ. ಆಗ ತೆರೆದರು. ಸವಿತಾ ಆ ಹೊತ್ತಿಗೆ ಆನ್‌ಲೈನ್ ತರಗತಿಯಲ್ಲಿ ಕೂತಿದ್ದಳು.

ಕ್ಯಾಂಪಸ್ಸಿನ ಒಂದು ವಾರ

ಎರಡನೇ ವರ್ಷದ ಥೀಸಿಸ್‌ಗೆ ಅವಳು ಆರಿಸಿಕೊಂಡದ್ದು ಸ್ಟೋರೇಜ್ ಎಂಜಿನ್, ಅಂದರೆ ಡೇಟಾವನ್ನು ಡಿಸ್ಕ್‌ನಲ್ಲಿ ಇಡುವ, ತೆಗೆಯುವ ತಂತ್ರಾಂಶ. ರಾಕ್ಸ್‌ಡಿಬಿ ಅಂತ ಒಂದು ಮುಕ್ತ ತಂತ್ರಾಂಶವಿದೆ. ಗೂಗಲ್‌ನ ಲೆವೆಲ್‌ಡಿಬಿಯಿಂದ ಕವಲೊಡೆದು ಫೇಸ್‌ಬುಕ್‌ನಲ್ಲಿ ಬೆಳೆದದ್ದು. ಬರುವ ಡೇಟಾವನ್ನು ಅದು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ಆಮೇಲೆ ಡಿಸ್ಕ್‌ಗೆ ಫೈಲುಗಳಾಗಿ ಸುರಿಯುತ್ತದೆ. ಆ ಫೈಲುಗಳನ್ನು ಹಿನ್ನೆಲೆಯಲ್ಲಿ ಒಂದಕ್ಕೊಂದು ಬೆಸೆಯುತ್ತಾ ಹೋಗುತ್ತದೆ. ಇದಕ್ಕೆ ಕಾಂಪ್ಯಾಕ್ಷನ್ ಅನ್ನುತ್ತಾರೆ. ಬೆಸೆಯುವ ಕೆಲಸ ಜೋರಾದಾಗ ಹೊಸದಾಗಿ ಬರೆಯುವವರು ಕಾಯಬೇಕಾಗುತ್ತದೆ. ಆ ಕಾಯುವಿಕೆಯನ್ನು ಕಡಿಮೆ ಮಾಡಲು ಕಾಂಪ್ಯಾಕ್ಷನ್ ಯಾವಾಗ ಶುರುವಾಗಬೇಕು ಅನ್ನುವ ಭಾಗವನ್ನು ಅವಳು ಸಿ++ನಲ್ಲಿ ಬದಲಿಸಿದಳು.

2022ರ ಮಳೆಗಾಲ ಮುಗಿಯುವ ಹೊತ್ತಿಗೆ ಪ್ಲೇಸ್‌ಮೆಂಟ್ ಶುರು. ಎಂ.ಟೆಕ್ ಮಾಡಿದ್ದಕ್ಕೆ ಫಲ ಸಿಕ್ಕಿದ್ದು ಇಲ್ಲಿ, ಇದರಲ್ಲಿ ಅನುಮಾನವಿಲ್ಲ. ಸಪೋರ್ಟ್ ಹುಡುಗಿಗೆ ಎಂದೂ ಫೋನ್ ಮಾಡದ ಕಂಪನಿಗಳು ಎದುರಿಗೆ ಕೂತು ಮಾತಾಡಿದವು. ಮೊದಲ ವಾರದಲ್ಲೇ ಒಂದು ಸ್ಟಾರ್ಟಪ್‌ನಿಂದ ಆಫರ್ ಬಂತು. 24 ಲಕ್ಷದ ಸಿಟಿಸಿ, ಅಂದರೆ ವರ್ಷದ ಒಟ್ಟು ಪ್ಯಾಕೇಜ್, ಅದರಲ್ಲಿ ಒಂದು ಭಾಗ ಷೇರು, ಒಂದು ಭಾಗ ಸೇರುವಾಗ ಕೊಡುವ ಬೋನಸ್. ಎರಡು ವಾರ ಬಿಟ್ಟು ಸ್ಟೋರೇಜ್ ಉಪಕರಣ ಮಾಡುವ ಹಳೆಯ ಕಂಪನಿಯೊಂದು ಬರುವುದಿತ್ತು. ಅದು ಕೊಡುವುದು 17ರ ಆಸುಪಾಸು ಅಂತ ಹಿರಿಯರು ಹೇಳಿದ್ದರು. ಅವಳ ಥೀಸಿಸ್‌ಗೂ ಅವರ ಕೆಲಸಕ್ಕೂ ನೇರ ಸಂಬಂಧ.

ಬಹಳ ಕ್ಯಾಂಪಸ್‌ಗಳಲ್ಲಿರುವ ನಿಯಮ ಇಲ್ಲೂ ಇತ್ತು: ಒಬ್ಬರಿಗೆ ಒಂದೇ ಕೆಲಸ. ಒಂದು ಆಫರ್ ಒಪ್ಪಿದರೆ ಮುಂದಿನ ಕಂಪನಿಗಳಿಗೆ ಕೂರುವಂತಿಲ್ಲ. ಮುಂದೆ ಏನೂ ಸಿಗದಿದ್ದರೆ ಅನ್ನುವ ಹೆದರಿಕೆ. ಅಪ್ಪನಿಗೆ ಫೋನ್ ಮಾಡಿದಳು. "ಕೈಗೆ ಬಂದಿದ್ದು ಬಿಡಬೇಡ ಕಣಮ್ಮ" ಅಂದರು. ಒಪ್ಪಿದಳು.

ಆ ಹೊತ್ತಿಗೆ ಗಾಳಿ ಬದಲಾಗಿತ್ತು. 2022ರ ಕೊನೆಯಲ್ಲಿ ಜಗತ್ತಿನ ದೊಡ್ಡ ಟೆಕ್ ಕಂಪನಿಗಳು ಸಾವಿರಗಟ್ಟಲೆ ಜನರನ್ನು ಮನೆಗೆ ಕಳಿಸತೊಡಗಿದವು. ಸ್ಟಾರ್ಟಪ್‌ಗಳಿಗೆ ಬರುವ ಬಂಡವಾಳ ಒಣಗಿತು. 2023ರ ಮೇ ತಿಂಗಳಲ್ಲಿ ಆ ಸ್ಟಾರ್ಟಪ್‌ನಿಂದ ಒಂದು ಮೇಲ್: ಸೇರುವ ದಿನಾಂಕ ಮುಂದೆ ಹೋಗಿದೆ. ಜೂನ್ ಕೊನೆಯಲ್ಲಿ ಇನ್ನೊಂದು: ಆಫರ್ ವಾಪಸ್. ಥೀಸಿಸ್ ಸಲ್ಲಿಸಿ ಆಗಿತ್ತು, ಹಾಸ್ಟೆಲ್ ಖಾಲಿ ಮಾಡಿಯಾಗಿತ್ತು. ಪ್ಲೇಸ್‌ಮೆಂಟ್ ಆಫೀಸು "ಏನಾದರೂ ಬಂದರೆ ತಿಳಿಸುತ್ತೇವೆ" ಅಂದಿತು. ಯಾವ ಸಾಲಿಗಾಗಿ ಎರಡು ವರ್ಷ ಕೊಟ್ಟಿದ್ದಳೋ ಆ ಸಾಲೇ ಮುಚ್ಚಿಹೋಯಿತು. ರೂಪಾಳ ಮನೆಗೆ ಬಂದು ಉಳಿದುಕೊಂಡು ಹೊರಗಿನ ಮಾರುಕಟ್ಟೆಯಲ್ಲಿ ಹುಡುಕಲು ಶುರು ಮಾಡಿದಳು.

ಎರಡು ಸಾಲಿನ ನಡುವೆ

ನನಗೆ ಅವಳು ಸಿಕ್ಕಿದ್ದು ಇಲ್ಲಿಂದ ಮುಂದೆ. ಅವಳ ಮೊದಲ ರೆಸ್ಯೂಮೆ ಹೀಗಿತ್ತು: ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಎಂ.ಟೆಕ್, ಎನ್‌ಐಟಿಯ ಹೆಸರು, 8.9 ಸಿಜಿಪಿಎ, ಗೇಟ್ ರ‍್ಯಾಂಕ್. ಅದರ ಕೆಳಗೆ ಓದಿದ ವಿಷಯಗಳ ಪಟ್ಟಿ. ಅದರ ಕೆಳಗೆ ಥೀಸಿಸ್‌ನ ಉದ್ದನೆಯ ಶೀರ್ಷಿಕೆ, ಒಂದೇ ಸಾಲು. ಎಲ್ಲಕ್ಕಿಂತ ಕೆಳಗೆ, ನಾಚಿಕೊಂಡ ಹಾಗೆ, ಮೂರು ವರ್ಷದ ಸಪೋರ್ಟ್.

ಈ ರೆಸ್ಯೂಮೆ ಹಿಡಿದು ಅನುಭವಿಗಳ ಕೆಲಸಕ್ಕೆ ಹಾಕಿದರೆ ರಿಕ್ರೂಟರ್ ಅದೇ ಹಳೆಯ ಪ್ರಶ್ನೆ ಕೇಳುತ್ತಿದ್ದರು. ಮೂರು ವರ್ಷ ಅಂದರೆ ಯಾವುದರಲ್ಲಿ? ಸಪೋರ್ಟ್. ಅದಾದ ಮೇಲೆ ಎರಡು ವರ್ಷ? ಓದು. "ಓಹ್, ಗ್ಯಾಪ್ ಇದೆ ಅಲ್ವಾ?" ಗೇಟ್ ಬರೆದು ಎನ್‌ಐಟಿಯಲ್ಲಿ ಓದಿದ್ದನ್ನು ಗ್ಯಾಪ್ ಅಂತ ಕರೆದದ್ದು ಅವಳಿಗೆ ಬಹಳ ನೋವಾಯಿತು. ಆದರೆ ರಿಕ್ರೂಟರ್‌ನ ಎಕ್ಸೆಲ್ ಹಾಳೆಯಲ್ಲಿ ಅದಕ್ಕೆ ಬೇರೆ ಕಾಲಮ್ ಇಲ್ಲ. ಇದು ದುಷ್ಟತನವಲ್ಲ, ಅವರಿಗೆ ಕೊಟ್ಟಿರುವ ಹಾಳೆಯೇ ಹಾಗಿದೆ.

ಹೊಸಬರ ಕೆಲಸಕ್ಕೆ ಹಾಕಿದರೆ ಇನ್ನೊಂದು ತೊಂದರೆ. ಕೆಲವು ಅರ್ಜಿಗಳು ಬಿಇ ಮುಗಿಸಿದ ವರ್ಷ ಕೇಳುತ್ತವೆ. 2018 ಅಂತ ಹಾಕಿದ ಕೂಡಲೇ ಅರ್ಜಿ ಮುಂದೆ ಹೋಗುವುದೇ ಇಲ್ಲ. ಹೋದ ಕಡೆ ಕೋಡಿಂಗ್ ಪರೀಕ್ಷೆ ಪಾಸಾಗುತ್ತಿದ್ದಳು. ಕೊನೆಗೆ ಎಚ್‌ಆರ್ ಸುತ್ತಿನಲ್ಲಿ "ಮೂರು ವರ್ಷ ಕೆಲಸ ಮಾಡಿದ್ದೀರಿ, ಎಂ.ಟೆಕ್ ಬೇರೆ ಇದೆ, ಈ ಸಂಬಳಕ್ಕೆ ಎಷ್ಟು ದಿನ ಇರುತ್ತೀರಿ?" ಅಂತ ಕೇಳುತ್ತಿದ್ದರು. ಒಂದು ಕಡೆ ಅನುಭವ ಸಾಲದು, ಇನ್ನೊಂದು ಕಡೆ ಜಾಸ್ತಿ. ಡಿಗ್ರಿ ಅವಳನ್ನು ಹಳೆಯ ಸಾಲಿನಿಂದ ಎತ್ತಿತ್ತು, ಹೊಸ ಸಾಲಿನಲ್ಲಿ ಇಳಿಸಿರಲಿಲ್ಲ.

ಇದೇ ಸಮಯದಲ್ಲಿ ಒಂದು ಪುಕ್ಕಟೆ ಸಲಹೆ ಬಂತು. ಪರಿಚಯದ ಒಬ್ಬರು, "ಎಂ.ಟೆಕ್ ತೆಗೆದುಬಿಡು. 2018ರಿಂದ ಇಲ್ಲಿಯವರೆಗೆ ಜಾವಾ ಡೆವಲಪರ್ ಅಂತ ಹಾಕು. ಸರ್ಟಿಫಿಕೇಟ್ ಮಾಡಿಸಿಕೊಡುವವರು ಇದ್ದಾರೆ" ಅಂದರು. ಇದು ಬೆಂಗಳೂರಿನಲ್ಲಿ ಗುಟ್ಟೇನಲ್ಲ. ಸವಿತಾ ಒಂದು ರಾತ್ರಿ ಯೋಚಿಸಿದ್ದು ನಿಜ ಅಂತ ಅವಳೇ ಹೇಳಿದಳು. ಬೇಡ ಅಂದದ್ದಕ್ಕೆ ನೀತಿ ಒಂದೇ ಕಾರಣವಲ್ಲ. ಪಿಎಫ್ ಖಾತೆಯ ಯುಎಎನ್ ಸಂಖ್ಯೆಯಲ್ಲಿ ಯಾವ ಕಂಪನಿಗೆ ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಅನ್ನುವುದು ಇರುತ್ತದೆ. ಹಿನ್ನೆಲೆ ಪರಿಶೀಲನೆ ಮಾಡುವವರು ಮೊದಲು ನೋಡುವುದೇ ಅದನ್ನು. ಸೇರಿ ಎರಡು ತಿಂಗಳಾದ ಮೇಲೆ ಸಿಕ್ಕಿಬಿದ್ದು ಹೊರಬಿದ್ದವರನ್ನು ನಾನು ನೋಡಿದ್ದೇನೆ. ಆ ಕಂಪನಿ ಇನ್ನು ಮುಂದೆ ಅವರನ್ನು ಹತ್ತಿರ ಸೇರಿಸುವುದಿಲ್ಲ.

ಒಂದು ಶನಿವಾರ ಮಧ್ಯಾಹ್ನ

ಅಣಕು ಸಂದರ್ಶನಕ್ಕೆ ಅವಳು ವಿಜಯನಗರದ ನಮ್ಮ ಮನೆಗೆ ಬಂದಳು. ಡೇಟಾಬೇಸ್ ಕೆಲಸದಲ್ಲೇ ತಲೆ ನರೆತ ನನ್ನ ಸಹೋದ್ಯೋಗಿಯೊಬ್ಬರನ್ನೂ ಕರೆದಿದ್ದೆ. ಅವರ ಬಾಯಲ್ಲಿ ಮೆಚ್ಚುಗೆ ಸುಲಭವಾಗಿ ಬರುವುದಿಲ್ಲ.

"ಥೀಸಿಸ್ ಬಗ್ಗೆ ಹೇಳಿ" ಅಂದರು. ಸವಿತಾ ಈ ಕ್ಷೇತ್ರದಲ್ಲಿ ಹಿಂದೆ ಯಾರ‍್ಯಾರು ಏನು ಮಾಡಿದ್ದಾರೆ ಅನ್ನುವಲ್ಲಿಂದ ಶುರು ಮಾಡಿದಳು. ಪ್ರೊಫೆಸರುಗಳ ಮುಂದೆ ಹೇಳಿ ಅಭ್ಯಾಸವಾದ ಕ್ರಮ. ಮೂರು ನಿಮಿಷ ಕೇಳಿ ಅವರು ತಡೆದರು.

"ಅದೆಲ್ಲ ಇರಲಿ. ಬರೆಯುವುದು ನಿಧಾನ ಆಗ್ತಿತ್ತು ಅಂದ್ರಿ. ಡಿಸ್ಕೇ ನಿಧಾನ ಇರಲಿಲ್ಲ ಅಂತ ಹೇಗೆ ಗೊತ್ತಾಯ್ತು?"

ಸವಿತಾ ಒಂದು ಕ್ಷಣ ಸುಮ್ಮನಾದಳು. "ಮೊದಲು ಗೊತ್ತಾಗಿರಲಿಲ್ಲ ಸರ್," ಅಂದಳು. ಆಮೇಲೆ ಮಾತು ಹರಿಯಿತು. ಮೊದಲ ಅಳತೆಗಳಲ್ಲಿ ಅವಳ ಬದಲಾವಣೆ ಅದ್ಭುತವಾಗಿ ಕಾಣಿಸಿತಂತೆ. ಗೈಡ್ ಖುಷಿಯಾದರು. ಅವಳಿಗೆ ಅನುಮಾನ. ಸಪೋರ್ಟ್‌ನಲ್ಲಿದ್ದಾಗ ಇಷ್ಟು ಸುಲಭಕ್ಕೆ ಯಾವುದೂ ಸರಿಹೋದದ್ದನ್ನು ಅವಳು ನೋಡಿರಲಿಲ್ಲ. ಹುಡುಕಿದರೆ, ಪರೀಕ್ಷೆಗೆ ಇಟ್ಟ ಡೇಟಾ ಎಲ್ಲಾ ಮೆಷಿನ್ನಿನ ಮೆಮೊರಿಯಲ್ಲೇ ಹಿಡಿಸಿಬಿಟ್ಟಿತ್ತು. ಓದುವ ಕೆಲಸ ಡಿಸ್ಕ್ ತನಕ ಹೋಗುತ್ತಲೇ ಇರಲಿಲ್ಲ. ಮೆಮೊರಿಗಿಂತ ಹಲವು ಪಟ್ಟು ದೊಡ್ಡ ಡೇಟಾ ಹಾಕಿ ಎಲ್ಲವನ್ನೂ ಮೊದಲಿಂದ ಅಳೆದಳು. ಅದ್ಭುತ ಮಾಯವಾಯಿತು, ಸಣ್ಣದೊಂದು ಲಾಭ ಮಾತ್ರ ಉಳಿಯಿತು. ಸರಾಸರಿಯಲ್ಲಿ ಅದು ಕಾಣುತ್ತಲೂ ಇರಲಿಲ್ಲ. ನೂರರಲ್ಲಿ ಅತಿ ನಿಧಾನವಾದ ಆ ಒಂದು ಬರಹದ ಹೊತ್ತು ನೋಡಿದರೆ ಕಾಣುತ್ತಿತ್ತು. ಕಾಂಪ್ಯಾಕ್ಷನ್ ಅನ್ನು ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿದಾಗ ಆ ಏರಿಳಿತ ಹೋಯಿತು, ಡಿಸ್ಕ್‌ಗೆ ಇನ್ನೂ ಹೆಚ್ಚು ವೇಗವಾಗಿ ಬರೆಯುವ ಶಕ್ತಿ ಬಾಕಿ ಇತ್ತು. ಹಾಗಾಗಿ ಡಿಸ್ಕ್ ಅಲ್ಲ ಅಂತ ಖಚಿತವಾಯಿತು.

ಕಾಫಿ ತಣ್ಣಗಾಯಿತು. ಇಬ್ಬರೂ ಕಾಗದದ ಮೇಲೆ ಚಿತ್ರ ಬರೆದುಕೊಂಡು ವಾದಕ್ಕೆ ಇಳಿದಿದ್ದರು. ಕೊನೆಗೆ ಅವರು ರೆಸ್ಯೂಮೆ ತಿರುಗಿಸಿ ನೋಡಿ, "ಇದು ಇಲ್ಲಿ ಯಾಕಿಲ್ಲಮ್ಮ?" ಅಂದರು.

"ಅದು ಥೀಸಿಸ್‌ನ ನಾಲ್ಕನೇ ಅಧ್ಯಾಯದಲ್ಲಿದೆ ಸರ್."

ಇಡೀ ಪ್ರಕರಣದ ತಿರುವು ನನ್ನ ಪ್ರಕಾರ ಈ ಮಧ್ಯಾಹ್ನ. ಎಂ.ಟೆಕ್‌ನಿಂದ ಅವಳಿಗೆ ಬಂದ ನಿಜವಾದ ಆಸ್ತಿ ಅವಳ ಕೈಯಲ್ಲೇ ಇತ್ತು. ಮಾರುಕಟ್ಟೆಗೆ ಅವಳು ತೋರಿಸುತ್ತಿದ್ದದ್ದು ಅಂಕಪಟ್ಟಿ. ಇನ್ನೊಂದು ಸಂಗತಿಯೂ ಆ ದಿನ ಕಾಣಿಸಿತು. ತನ್ನ ಅಳತೆಯನ್ನೇ ಅನುಮಾನಿಸುವ ಬುದ್ಧಿ ಎಂ.ಟೆಕ್‌ನಿಂದ ಬಂದದ್ದಲ್ಲ, ರಾತ್ರಿ ಪಾಳಿಯಿಂದ ಬಂದದ್ದು. ಅವಳು ಅಡಗಿಸಿಡುತ್ತಿದ್ದ ಮೂರು ವರ್ಷ ಮತ್ತು ಮೆರೆಸುತ್ತಿದ್ದ ಎರಡು ವರ್ಷ, ಎರಡೂ ಸೇರಿದರೆ ಮಾತ್ರ ಒಬ್ಬ ಒಳ್ಳೆಯ ಎಂಜಿನಿಯರ್ ಕಾಣುತ್ತಾಳೆ.

ರೆಸ್ಯೂಮೆ ಬದಲಾಯಿತು. ಎಂ.ಟೆಕ್ ಸಾಲು ಕೆಳಗೆ ಇಳಿಯಿತು. ಮೇಲೆ ಬಂದದ್ದು ನಾಲ್ಕು ಸಾಲು: ರಾಕ್ಸ್‌ಡಿಬಿಯ ಯಾವ ಭಾಗ ಬದಲಿಸಿದೆ, ಹೇಗೆ ಅಳೆದೆ, ಮೊದಲ ಅಳತೆ ಯಾಕೆ ತಪ್ಪಾಗಿತ್ತು, ಕೊನೆಗೆ ಎಷ್ಟು ಲಾಭ ಉಳಿಯಿತು. ಕೋಡ್ ಅನ್ನು ಗಿಟ್‌ಹಬ್‌ನಲ್ಲಿ ಇಟ್ಟು ಅದರ ಕೊಂಡಿ ಕೊಟ್ಟಳು. ಸಪೋರ್ಟ್ ಕೆಲಸಕ್ಕೆ ಎರಡು ನಿಜವಾದ ಘಟನೆ ಬರೆದಳು, ಕ್ಲೈಂಟ್ ಯಾರೆಂದು ಗೊತ್ತಾಗದ ಹಾಗೆ. ಅದಕ್ಕಿಂತ ದೊಡ್ಡ ಬದಲಾವಣೆ ಎಂದರೆ ಎಲ್ಲಾ ಕಡೆ ಅರ್ಜಿ ಹಾಕುವುದನ್ನು ನಿಲ್ಲಿಸಿದಳು. ಡೇಟಾಬೇಸ್, ಸ್ಟೋರೇಜ್, ಇವುಗಳ ಸುತ್ತಲಿನ ತಂಡಗಳಿಗೆ ಮಾತ್ರ. ಬೆಂಗಳೂರಿನಲ್ಲಿ ಅಂಥ ತಂಡಗಳು ಸಾಕಷ್ಟಿವೆ, ಆದರೆ ಅವು ಗದ್ದಲ ಮಾಡುವುದಿಲ್ಲ. ರೂಪಾಗೆ ಇದು ಹುಚ್ಚುತನ ಅನ್ನಿಸಿತು. "ಇರೋ ಹತ್ತು ಬಾಗಿಲಲ್ಲಿ ಎಂಟು ನೀನೇ ಮುಚ್ಕೊಂಡೆಯಲ್ಲೇ!" ಅಂದಳಂತೆ.

ಏನಾಯಿತು

ಕೆಲಸ ಬಂದದ್ದು ಎಂ.ಟೆಕ್ ಸಹಪಾಠಿಯ ರೆಫರಲ್‌ನಿಂದ. ಅವನು ಕ್ಯಾಂಪಸ್‌ನಲ್ಲಿ ಆ ಹಳೆಯ ಸ್ಟೋರೇಜ್ ಕಂಪನಿಗೆ ಕಾದು ಕೂತಿದ್ದವನು. ಇದನ್ನೂ ಡಿಗ್ರಿಯ ಖಾತೆಗೆ ಬರೆಯಬೇಕು. ಎಲ್ಲಿಗೂ ತಲುಪದ ರೆಸ್ಯೂಮೆಯನ್ನು ಮ್ಯಾನೇಜರ್ ಮೇಜಿನ ಮೇಲೆ ಇಡುವ ಗೆಳೆಯರು ಅವಳ ಹಳೆಯ ಸಪೋರ್ಟ್ ಬಳಗದಲ್ಲಿ ಇರಲಿಲ್ಲ.

ನಾಲ್ಕು ಸುತ್ತು. ಎರಡು ಸಾಮಾನ್ಯ ಕೋಡಿಂಗ್, ಅದರಲ್ಲಿ ಒಂದರಲ್ಲಿ ಅಷ್ಟಕ್ಕಷ್ಟೆ. ಮೂರನೆಯದರಲ್ಲಿ ಒಂದು ಸನ್ನಿವೇಶ ಕೊಟ್ಟರು: ಗ್ರಾಹಕರ ಸಿಸ್ಟಮ್‌ನಲ್ಲಿ ಬರೆಯುವುದು ಇದ್ದಕ್ಕಿದ್ದಂತೆ ನಿಧಾನವಾಗಿದೆ, ಎಲ್ಲಿಂದ ಹುಡುಕುತ್ತೀರಿ? ಬೆಸೆಯದೆ ಉಳಿದ ಮೇಲಿನ ಹಂತದ ಫೈಲುಗಳು ಒಂದು ಮಿತಿ ದಾಟಿದರೆ ರಾಕ್ಸ್‌ಡಿಬಿ ತಾನೇ ಬರಹವನ್ನು ನಿಧಾನ ಮಾಡುತ್ತದೆ, ಇನ್ನೂ ಹೆಚ್ಚಾದರೆ ನಿಲ್ಲಿಸಿಯೇ ಬಿಡುತ್ತದೆ. ಅವಳು ಅದನ್ನು ಹೇಳಿದಳು. ಆದರೆ ಅದಕ್ಕೂ ಮೊದಲು, ನಿನ್ನೆಗೂ ಇವತ್ತಿಗೂ ಏನು ಬದಲಾಗಿದೆ, ಗ್ರಾಹಕರಿಗೆ ಈಗ ಏನು ಹೇಳಬೇಕು ಅಂತ ಕೇಳಿದಳು. ಇದು ಸಪೋರ್ಟ್ ಮಾಡಿದವರು ಮಾತ್ರ ಕೇಳುವ ಪ್ರಶ್ನೆ.

2023ರ ನವೆಂಬರ್‌ನಲ್ಲಿ ಸೇರಿದಳು. ಸಂಬಳ 18 ಲಕ್ಷ. ಮಟ್ಟ ನಿಗದಿ ಮಾಡುವಾಗ ಎಚ್‌ಆರ್ ಸಪೋರ್ಟ್ ವರ್ಷಗಳನ್ನು ಅರ್ಧಕ್ಕೆ ಇಳಿಸಿತು, ಎಂ.ಟೆಕ್‌ನ ಎರಡು ವರ್ಷವನ್ನು ಅನುಭವ ಅಂತ ಎಣಿಸಲೇ ಇಲ್ಲ. ಹೊಸಬರಾಗಿ ಬರುವ ಎಂ.ಟೆಕ್‌ನವರಿಗೆ ಅಲ್ಲಿ ಬಿಇಯವರಿಗಿಂತ ಸ್ವಲ್ಪ ಹೆಚ್ಚಿನ ಸಂಬಳದ ಪಟ್ಟಿ ಇದೆ. ಇವಳು ಹೊಸಬಳಲ್ಲವಲ್ಲ, ಅದೂ ಅನ್ವಯಿಸಲಿಲ್ಲ. ಅದೇ ತಿಂಗಳು ರೂಪಾಳ ಸಂಬಳವೂ ಹೆಚ್ಚುಕಡಿಮೆ ಅಷ್ಟೇ ಇತ್ತು, ಮತ್ತು ನಡುವಿನ ಎರಡು ವರ್ಷ ಅವಳಿಗೆ ಸಂಬಳ ಬಂದಿತ್ತು. ಬರೀ ಹಣದ ಲೆಕ್ಕ ಹಾಕಿದರೆ ಸವಿತಾ ಸೋತಳು.

ಅವಳನ್ನು ತೆಗೆದುಕೊಂಡ ಮ್ಯಾನೇಜರ್ ನನಗೆ ಪರಿಚಯದವರೇ. ಎಂ.ಟೆಕ್ ಎಷ್ಟು ತೂಗಿತು ಅಂತ ಕೇಳಿದೆ. "ನಮ್ಮ ಅಂಕದ ಹಾಳೆಯಲ್ಲಿ ಡಿಗ್ರಿಗೆ ಜಾಗ ಇಲ್ಲ ರೀ. ಎಂ.ಟೆಕ್ ಇಲ್ಲದೆ ಮೂರನೇ ಸುತ್ತಿನ ಉತ್ತರ ಬರ್ತಿತ್ತಾ ಅಂದ್ರೆ, ಅದು ಬರ್ತಿರಲಿಲ್ಲ" ಅಂದರು.

ಈ ಪ್ರಕರಣದಿಂದ ಏನು ಹಿಡಿದುಕೊಳ್ಳಬಹುದು

ಕ್ಯಾಂಪಸ್ ನಡೆಯುವ ಆ ಕೆಲವು ವಾರಗಳಲ್ಲಿ ಡಿಗ್ರಿ ದೊಡ್ಡ ಶಕ್ತಿ. ಅದು ಮುಗಿದ ಮರುದಿನದಿಂದ, ಡಿಗ್ರಿಯೊಳಗೆ ಏನು ಮಾಡಿದಿರಿ ಅನ್ನುವುದಕ್ಕೆ ಮಾತ್ರ ಬೆಲೆ. ಅದೂ ಆ ವಿಷಯ ಮುಟ್ಟುವ ತಂಡಗಳಲ್ಲಿ. ಹಾಗಾಗಿ ಎಂ.ಟೆಕ್‌ಗೆ ಹೋಗುವವರು ಕೇಳಬೇಕಾದ ಮೊದಲ ಪ್ರಶ್ನೆ ಸಿಲಬಸ್ ಬಗ್ಗೆ ಅಲ್ಲ. ನಿಮ್ಮ ವಿಭಾಗದ ಎಂ.ಟೆಕ್‌ನವರಿಗೆ ಯಾವ ಕಂಪನಿಗಳು ಬಂದವು, ಬಿ.ಟೆಕ್‌ನವರಿಗೆ ಮಾತ್ರ ಬಂದವೋ ಇಬ್ಬರಿಗೂ ಬಂದವೋ, ಒಂದೇ ಕೆಲಸದ ನಿಯಮ ಎಷ್ಟು ಬಿಗಿ? ಹೋದ ವರ್ಷದ ವಿದ್ಯಾರ್ಥಿಗಳನ್ನು ಕೇಳಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಕ್ಯಾಂಪಸ್ ಇಲ್ಲದ ಕಡೆ, ಹಾಜರಾತಿಗೆ ಸಹಿ ಹಾಕಿ, ಯಾರದೋ ಪ್ರಾಜೆಕ್ಟ್ ಕೊಂಡು ಮುಗಿಸುವ ಎಂ.ಟೆಕ್ ಸಾಫ್ಟ್‌ವೇರ್ ಕೆಲಸಕ್ಕೆ ಏನನ್ನೂ ಕೊಡುವುದಿಲ್ಲ. ಇದನ್ನು ಖಾರವಾಗಿಯೇ ಹೇಳಬೇಕು, ಯಾಕೆಂದರೆ ಸಾಲ ಮಾಡಿ ಸೇರುವವರು ಇನ್ನೂ ಇದ್ದಾರೆ.

ಸವಿತಾಗೆ ಬಿಇ ಇತ್ತು. ಅದಿಲ್ಲದವರ ಲೆಕ್ಕ ಪೂರ್ತಿ ಬೇರೆ. ಬಹಳ ಕಂಪನಿಗಳ ಮೊದಲ ಜರಡಿಯೇ "ಬಿಇ, ಬಿ.ಟೆಕ್, ಎಂಸಿಎ". ಬಿಸಿಎ ಅಥವಾ ಬಿಎಸ್‌ಸಿ ಮಾಡಿದವರು ಎಷ್ಟು ಚೆನ್ನಾಗಿ ಕೋಡ್ ಬರೆದರೂ ಅಲ್ಲೇ ನಿಲ್ಲುತ್ತಾರೆ. ಅವರಿಗೆ ಮುಂದಿನ ಡಿಗ್ರಿ ಆ ಜರಡಿ ದಾಟಿಸುತ್ತದೆ, ಮತ್ತು 2020-21ರಿಂದ ಎಂಸಿಎ ಮೂರರ ಬದಲು ಎರಡೇ ವರ್ಷ. ವಿಪ್ರೋದಂಥ ಕಂಪನಿ ಬಿಸಿಎ, ಬಿಎಸ್‌ಸಿಯವರನ್ನು ಕೆಲಸಕ್ಕೆ ತೆಗೆದುಕೊಂಡು ತಾನೇ ಖರ್ಚು ಹಾಕಿ ಎಂ.ಟೆಕ್ ಓದಿಸುವ ಯೋಜನೆ ನಡೆಸುತ್ತಾ ಬಂದಿದೆ. ನಮ್ಮ ಗುಂಪಿನಲ್ಲಿ ಬಿಸಿಎ ಮಾಡಿದವರು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಓದು ಅನ್ನುತ್ತೇನೆ.

ಕೆಲವು ಕೆಲಸಗಳಲ್ಲಿ ಡಿಗ್ರಿಯೇ ಬಾಗಿಲು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಂದಿನಿಂದ ಬೆಳೆದ ಚಿಪ್ ವಿನ್ಯಾಸದ ಲೋಕದಲ್ಲಿ ವಿಎಲ್‌ಎಸ್‌ಐ ಎಂ.ಟೆಕ್‌ಗೆ ಇವತ್ತಿಗೂ ಬೆಲೆ ಇದೆ. 2005ರಿಂದ ಇಲ್ಲಿರುವ ಮೈಕ್ರೋಸಾಫ್ಟ್ ರಿಸರ್ಚ್‌ನಂಥ ಕಡೆ ಸಂಶೋಧಕರಾಗಬೇಕೆಂದರೆ ಪಿಎಚ್‌ಡಿ ಬೇಕೇ ಬೇಕು ಅನ್ನುವಷ್ಟು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಲು ಎಂ.ಟೆಕ್ ನಿಯಮದಲ್ಲೇ ಇದೆ. ಆದರೆ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಗಳಲ್ಲಿ ಇವು ಸಣ್ಣ ಪಾಲು. ಪೇಮೆಂಟ್ ಆ್ಯಪ್‌ಗೆ ಹೊಸ ಸೌಲಭ್ಯ ಸೇರಿಸುವ ತಂಡಕ್ಕೆ ಕಾಂಪ್ಯಾಕ್ಷನ್ ಗೊತ್ತಿದ್ದರೂ ಒಂದೇ, ಗೊತ್ತಿಲ್ಲದಿದ್ದರೂ ಒಂದೇ.

ಸವಿತಾ 2021ರಲ್ಲಿ ಕಾಲೇಜಿಗೆ ಹೋಗದೆ ರೂಪಾಳ ಹಾಗೆ ಹಾರಿದ್ದರೆ ಒಳ್ಳೆಯದಿತ್ತಾ ಅಂತ ಗುಂಪಿನಲ್ಲಿ ದೊಡ್ಡ ಚರ್ಚೆಯಾಯಿತು. ಹಣಕ್ಕೆ ಹೌದು. ಕೆಲಸಕ್ಕೆ ಅಲ್ಲ ಅಂತ ಸವಿತಾಳ ಉತ್ತರ. ಅವಳು ಈಗ ಮಾಡುವ ಕೆಲಸಕ್ಕೆ ಆರು ತಿಂಗಳ ಸಂಜೆ ಓದು ಸಾಲುತ್ತಿರಲಿಲ್ಲ. ನಾನೂ ಅವಳ ಪರ, ಒಂದು ಷರತ್ತಿನ ಮೇಲೆ: ಆ ಕ್ಯಾಂಪಸ್ ವಾರದಲ್ಲಿ ಅವಳು 24 ಲಕ್ಷದ ಆಫರ್ ಒಪ್ಪುವ ಬದಲು ಎರಡು ವಾರ ಕಾಯಬೇಕಿತ್ತು. ಥೀಸಿಸ್‌ಗೆ ಹೊಂದುವ ಕಂಪನಿ ಬರುವುದು ಗೊತ್ತಿತ್ತು. ಸಿಟಿಸಿಯ ಷೇರು ಭಾಗ ಕಳೆದರೆ ಎರಡು ಆಫರ್‌ಗಳ ಅಂತರ ಅಷ್ಟೇನೂ ಇರಲಿಲ್ಲ. ಈ ಮಾತಿಗೆ ಅವಳು, "ಅಕ್ಕಾ, ಅಲ್ಲಿ ಕೂತಾಗ ಪಕ್ಕದವರೆಲ್ಲ ಒಪ್ಪಿ ಎದ್ದು ಹೋಗ್ತಿರ್ತಾರೆ, ನೀವೂ ಒಪ್ತಿದ್ರಿ" ಅಂದಳು. ಇರಬಹುದು.

ಈಗ ರೂಪಾ ಎಂ.ಟೆಕ್ ಬಗ್ಗೆ ಕೇಳುತ್ತಿದ್ದಾಳೆ. ಅವಳಿಗೆ ಮಷಿನ್ ಲರ್ನಿಂಗ್ ತಂಡಕ್ಕೆ ಹೋಗಬೇಕು, ಫೀಸಿನ ಒಂದು ಭಾಗ ಕಂಪನಿ ಕೊಡುತ್ತದೆ. ಬಿಟ್ಸ್ ಪಿಲಾನಿಯವರದ್ದು ಸೇರಿ ಕೆಲಸದ ಜೊತೆಗೆ ಮಾಡುವ ಕೋರ್ಸುಗಳು ಹಲವು ಇವೆ. ಇವುಗಳಲ್ಲಿ ಹೊಸ ಕ್ಯಾಂಪಸ್ ಸಿಗುವುದಿಲ್ಲ. ಹಾಗಾಗಿ ಉಳಿಯುವುದು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಒಂದೇ, ಅದನ್ನು ಕಂಪನಿಯ ಕೆಲಸದ ಮೇಲೇ ಮಾಡಬಹುದು. "ನಿನ್ನ ಮ್ಯಾನೇಜರ್ ಆ ತಂಡದ ನಿಜವಾದ ಸಮಸ್ಯೆಯೊಂದನ್ನು ಪ್ರಾಜೆಕ್ಟಿಗೆ ಕೊಡ್ತಾರಾ ಅಂತ ಮೊದಲು ಕೇಳು" ಅಂದೆ. ಅವಳು ಫಾರಂ ತುಂಬುವುದನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ಆ ತಂಡದ ಲೀಡ್ ಜೊತೆ ಮಾತಾಡಲು ಹೋಗಿದ್ದಾಳೆ.